ಮೇಸ್ತ್ರಿ ಇಲ್ಲದ ಬೆಟ್ಟ

ಬೆಟ್ಟದ ಮೇಲಿನ ದೇವಸ್ಥಾನದ ಮಾನ್ಯ ಆಡಳಿತಾಧಿಕಾರಿಗಳೇ,

ತಮ್ಮ ಕಚೇರಿಯಿಂದ ನನ್ನ ಗೆಳತಿಯ ಮಗಳಿಗೆ ಬಂದ ಉತ್ತರವನ್ನು ಓದಿದೆ. ದಪ್ಪ ಕಾಗದ, ಮೇಲೆ ಗುಡಿಯ ಚಿತ್ರ, ಕೆಳಗೆ ದುಂಡು ಮೊಹರು. ನಡುವೆ ಒಂದು ವಾಕ್ಯ: "ಮೃತರು ಯಾವುದೇ ಹಂತದಲ್ಲಿ ಯಾರ ಬಳಿಯೂ ಸಹಾಯ ಕೋರಿರುವುದು ಕಂಡುಬಂದಿರುವುದಿಲ್ಲ." ಈ ವಾಕ್ಯ ಸುಳ್ಳು. ಅವಳು ಸಹಾಯ ಕೇಳಿದಳು. ಒಂದು ಸಲ ಬಾಯಲ್ಲಿ ಕೇಳಿದಳು, ಇನ್ನೊಂದು ಸಲ ಕೈಯಲ್ಲಿ ಕೇಳಿದಳು. ಎರಡನ್ನೂ ನಾನು ಕಣ್ಣಾರೆ ಕಂಡವಳು. ಇದನ್ನೇ ವಿನಯದಿಂದ ಬರೆದುಕೊಟ್ಟ ನನ್ನ ಅರ್ಜಿಗಳು ತಮ್ಮ ಕಚೇರಿಯ ಯಾವ ಸಾಲಿನಲ್ಲಿ ನಿಂತು ದರ್ಶನಕ್ಕೆ ಕಾಯುತ್ತಿವೆಯೋ ಗೊತ್ತಿಲ್ಲ. ಆದ್ದರಿಂದ ಈಗ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುವವಳು. ರಜೆ ಚೀಟಿಯಿಂದ ಹಿಡಿದು ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಿಕೊಡಿ ಎನ್ನುವವರೆಗೆ ಅಲ್ಲಿನ ಎಲ್ಲರ ಅರ್ಜಿಯನ್ನೂ ನಾನೇ ಬರೆಯುವುದರಿಂದ ನನಗೆ ಅರ್ಜಿಯಕ್ಕ ಎಂದು ಹೆಸರು ಬಿದ್ದಿದೆ. ತೀರಿಕೊಂಡವಳು ನನ್ನ ಪಕ್ಕದ ಮಗ್ಗದವಳು. ಅವಳನ್ನು ನಾವು ರೇಡಿಯೋ ಎನ್ನುತ್ತಿದ್ದೆವು. ಬಾಯಿಗೆ ಬಿಡುವೆಂಬುದೇ ಇಲ್ಲ. ಮಗ್ಗಗಳ ಸದ್ದಿನಲ್ಲಿ ಅವಳ ಮಾತು ಅವಳಿಗೇ ಕೇಳಿಸುತ್ತಿರಲಿಲ್ಲ, ಆದರೂ ಪಾಳಿ ಶುರುವಾದಾಗ ತೆರೆದ ಬಾಯಿ ಪಾಳಿ ಮುಗಿದಾಗಲೇ ಮುಚ್ಚುವುದು. ಇಂಥವಳು ಸಾಯುವಾಗ ಮಾತ್ರ ಯಾರಿಗೂ ಏನೂ ಹೇಳದೆ ಗಪ್‌ಚಿಪ್ ಆಗಿ ಸತ್ತಳು ಎಂದು ತಾವು ಮೊಹರು ಒತ್ತಿ ಹೇಳುತ್ತಿದ್ದೀರಿ.

ನಮ್ಮ ಗಿರಣಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಮಗ್ಗದ ಮನೆಯಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೇ ನಾವು ಕೈಸನ್ನೆಯಲ್ಲಿ ಮಾತಾಡುತ್ತೇವೆ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ನೂಲು ಕಡಿಯಿತು, ನೀರು ಕುಡಿದು ಬರುತ್ತೇನೆ, ಮೇಸ್ತ್ರಿ ಸಿಡುಕುತ್ತಿದ್ದಾನೆ, ನಿನ್ನ ಗಂಡ ಗೇಟಿನ ಹತ್ತಿರ ನಿಂತಿದ್ದಾನೆ, ಎಲ್ಲಕ್ಕೂ ಒಂದೊಂದು ಸನ್ನೆಯಿದೆ. ಈ ಸನ್ನೆಗಳಲ್ಲಿ ತಮಾಷೆಯೂ ಉಂಟು, ಚಾಡಿಯೂ ಉಂಟು. ಆದರೆ ಒಂದು ಸನ್ನೆಯನ್ನು ಯಾರೂ ತಮಾಷೆಗೆ ಮಾಡುವುದಿಲ್ಲ. ಎರಡೂ ಕೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ, ಹಸ್ತ ಬಿಚ್ಚಿ ಹಿಡಿಯುವುದು. ಅದು "ನಿಲ್ಲಿಸು". ಯಾರದೋ ಸೆರಗು ಸಿಕ್ಕಿಕೊಂಡಿದೆ, ಯಾರದೋ ಕೈ ಸಿಕ್ಕಿದೆ ಎಂದರ್ಥ. ಅದನ್ನು ಕಂಡವರು ಓಡುವಂತಿಲ್ಲ, ಏಕೆಂದರೆ ಓಡಿದವರು ಇನ್ನೊಂದು ಯಂತ್ರಕ್ಕೆ ಬಿದ್ದದ್ದುಂಟು. ತಮ್ಮ ಮಗ್ಗ ನಿಲ್ಲಿಸಬೇಕು, ನಿಂತಲ್ಲೇ ನಿಂತು ತಾವೂ ಕೈ ಎತ್ತಬೇಕು. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಅದರಾಚೆಯವರು. ಕಣ್ಣು ಮಿಟುಕಿಸುವುದರೊಳಗೆ ಇಡೀ ಮಗ್ಗದ ಮನೆ ಸ್ತಬ್ಧವಾಗುತ್ತದೆ, ಎತ್ತಿದ ಕೈಗಳ ಗುರುತು ಹಿಡಿದು ಮೇಸ್ತ್ರಿ ನೇರವಾಗಿ ಬರುತ್ತಾನೆ. ನಮ್ಮ ಮೇಸ್ತ್ರಿ ದೇವತಾಮನುಷ್ಯನೇನೂ ಅಲ್ಲ. ಬಾಯಿ ತೆರೆದರೆ ಬೈಗುಳ, ವರ್ಷದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಿಟ್ಟವನಲ್ಲ. ಆದರೆ ಕೈ ಎತ್ತಿದಾಗ ಅವನು ಬಾರದೆ ಇದ್ದದ್ದನ್ನು ನಾನು ಕಂಡಿಲ್ಲ.

ಗಿರಣಿಗೆ ಕರೆಂಟು ಕೊಡುವ ಪೆಟ್ಟಿಗೆ ಸುಟ್ಟುಹೋಗಿ ನಮಗೆ ಒಂದು ದಿನದ ರಜೆ ಬಿತ್ತು. ತಮ್ಮ ಬೆಟ್ಟಕ್ಕೆ ಹೋಗೋಣವೆಂದವಳು ರೇಡಿಯೋ. ಹರಕೆಯಿಲ್ಲ, ಕಷ್ಟವಿಲ್ಲ, ಬೇಡಿಕೊಳ್ಳುವುದೂ ಏನಿಲ್ಲ. "ಇಷ್ಟು ವರ್ಷ ಆಯ್ತು, ನನ್ನ ದನಿ ಹೇಗಿದೆ ಅಂತ ನಿಮ್ಗೆ ಸರಿಯಾಗಿ ಗೊತ್ತಿಲ್ಲ ಕಣ್ರೇ. ಬೆಟ್ಟದ ಮೇಲೆ ಗಾಳಿ ಬಿಟ್ರೆ ಬೇರೆ ಸದ್ದಿರಲ್ಲ. ಒಂದ್ಕಡೆ ಕೂತ್ಕೊಂಡು ಹೊಟ್ಟೆ ತುಂಬಾ ಮಾತಾಡೋಣ," ಎಂದಳು. ನನ್ನ ಅತ್ತಿಗೆ ಅಂದರೆ ಅಣ್ಣನ ಹೆಂಡತಿಯೂ ಅದೇ ಗಿರಣಿಯವಳು. ಅವಳು, "ನಿನ್ ಮಾತು ಕೇಳೋಕೆ ಬೆಟ್ಟ ಬೇರೆ ಹತ್ಬೇಕಾ?" ಎಂದು ರೇಗಿಸಿ, ಮಾರನೆಯ ದಿನ ನಮಗಿಂತ ಮೊದಲೇ ಬಸ್ ನಿಲ್ದಾಣದಲ್ಲಿ ಡಬ್ಬಿ ಹಿಡಿದು ನಿಂತಿದ್ದಳು. ಮೂವರೂ ಕಿಟಕಿ ಪಕ್ಕದ ಸೀಟಿಗೆ ಕಿತ್ತಾಡುತ್ತ ಹೊರಟೆವು.

ಆ ಬೆಟ್ಟಕ್ಕೆ ನಾನು ಚಿಕ್ಕವಳಿದ್ದಾಗ ಹೋಗಿದ್ದೆ. ಆಗ ಬಯಲು ಮೆಟ್ಟಿಲುಗಳಿದ್ದವು. ಹತ್ತುವವರು, ಇಳಿಯುವವರು ಎಲ್ಲ ಅದರಲ್ಲೇ. ಹತ್ತುವವರು ಏದುಸಿರು ಬಿಡುತ್ತ "ಇನ್ನೂ ಎಷ್ಟು ದೂರ?" ಎಂದು ಕೇಳುವುದು, ಇಳಿಯುವವರು "ಇಲ್ಲೇ, ಬಂದೇಬಿಡ್ತು" ಎಂದು ಹಸಿ ಸುಳ್ಳು ಹೇಳುವುದು. ಸುಸ್ತಾದರೆ ಕೂರಬಹುದಿತ್ತು, ಸಾಕೆನಿಸಿದರೆ ತಿರುಗಿ ಇಳಿದು ಹೋಗಬಹುದಿತ್ತು. ಅರ್ಧ ಹತ್ತಿ ಕೈಮುಗಿದು ವಾಪಸಾದವರ ಮೇಲೆ ದೇವರು ಮುನಿಸಿಕೊಂಡ ಸುದ್ದಿಯನ್ನು ನಾನಂತೂ ಕೇಳಿಲ್ಲ.

ಈಗ ತಮ್ಮ ಆಡಳಿತದಲ್ಲಿ ವ್ಯವಸ್ಥೆ ಬಂದಿದೆ. ಕೊನೆಯ ಏರಿನ ಉದ್ದಕ್ಕೂ ತಗಡಿನ ಚಪ್ಪರ, ಅದರೊಳಗೆ ಹಾವಿನ ಹಾಗೆ ಹೋಗಿ ಬಂದು ಹೋಗಿ ಬಂದು ಮಡಚಿಕೊಂಡಿರುವ ಸಾಲು, ಒಂದು ಮಡಿಕೆಗೂ ಇನ್ನೊಂದಕ್ಕೂ ನಡುವೆ ಆಳೆತ್ತರದ ಕಬ್ಬಿಣದ ಜಾಲರಿ. ಒಳಗೆ ಬರಲು ಒಂದೇ ತಿರುಗುವ ಗೇಟು, ಅದು ಒಳಮುಖವಾಗಿ ಮಾತ್ರ ತಿರುಗುತ್ತದೆ. ಹೊರಗೆ ಹೋಗಲು ಒಂದೇ ಬಾಗಿಲು, ಅದು ಗರ್ಭಗುಡಿಯ ಮುಂದಿದೆ. ನಡುವೆ ಎಲ್ಲಿಯೂ ಒಂದು ಕಿರುಬಾಗಿಲೂ ಇಲ್ಲ. ಹೆಜ್ಜೆಗೊಂದು ಫಲಕ: "ಶಿಸ್ತೂ ಸೇವೆಯೇ." ತಲೆಯ ಮೇಲೆ ಮೈಕುಗಳು. ಅವುಗಳಲ್ಲಿ ಒಂದೇ ಸಮನೆ ಭಜನೆ, ಭಜನೆಯ ನಡುವೆ "ನಿಲ್ಲಬೇಡಿ, ಮುಂದೆ ಸಾಗಿ" ಎಂಬ ಹೆಣ್ಣು ದನಿ. ತಗಡಿನಡಿಯಲ್ಲಿ ಆ ಸದ್ದು ನಮ್ಮ ಗಿರಣಿಯನ್ನೇ ನಾಚಿಸುವಂತಿತ್ತು. ರೇಡಿಯೋ ಕಿವಿಯ ಮೇಲೆ ಕೈಯಿಟ್ಟುಕೊಂಡು, ತುಟಿ ಅಲ್ಲಾಡಿಸಿ, "ಇದಕ್ಕೆ ರಜಾ ಬೇರೆ ಕೊಟ್ರು ನೋಡು," ಎಂದಳು. ನಾವು ನಕ್ಕೆವು. ಅಲ್ಲಿಂದ ಮುಂದೆ ಮೂವರೂ ಕೈಸನ್ನೆಗೇ ಇಳಿದೆವು. ಸದ್ದಿಲ್ಲದ ಜಾಗ ಹುಡುಕಿಕೊಂಡು ಬೆಟ್ಟ ಹತ್ತಿದ್ದ ನಾವು ಮಾತಾಡಿಕೊಂಡದ್ದು ಬಸ್ಸಿನಲ್ಲಿ ಮಾತ್ರ.

ಈಗ ಮೊದಲನೆಯ ಸಲ ಕೇಳಿದ್ದು. ಸಾಲಿನೊಳಗೆ ಸ್ವಲ್ಪ ದೂರ ಹೋದ ಮೇಲೆ ರೇಡಿಯೋ ಎದೆ ನೀವಿಕೊಂಡಳು. ಮುಖದಲ್ಲಿ ಬೆವರು, ಬಣ್ಣ ಬೂದಿ. ತಿರುವಿನಲ್ಲಿ ನಿಂತಿದ್ದ ತಮ್ಮ ಕಾವಲುಗಾರನ ಕಿವಿಯ ಹತ್ತಿರ ಹೋಗಿ ಕೂಗಿದಳು. ನಾನು ಪಕ್ಕದಲ್ಲೇ ಇದ್ದೆ.

"ಅಣ್ಣಾ, ಯಾಕೋ ಮೈಯಲ್ಲಿ ಸರಿಯಿಲ್ಲ. ಕೆಳಗೆ ಹೋಗ್ಬೇಕು."

"ಇಲ್ಲಿಂದ ಕೆಳಗೆ ಹೋಗಕ್ಕಾಗಲ್ಲಮ್ಮ. ದರ್ಶನ ಆದ್ಮೇಲೆ ಆ ಕಡೆಯಿಂದ ಇಳೀಬೇಕು."

"ದರ್ಶನ ಬೇಡ ಕಣಣ್ಣಾ, ಎಲ್ಲಾದ್ರೂ ಗಾಳಿ ಬರೋ ಕಡೆ ಬಿಟ್ಬಿಡು ಸಾಕು."

"ದಾರಿ ಇದ್ರೆ ಬಿಡ್ತಿದ್ದೆ. ದಾರೀನೇ ಇಲ್ವಲ್ಲ, ನಾನೇನ್ ಮಾಡ್ಲಿ? ನಡೀರಿ, ನಡೀರಿ, ಹಿಂದೆ ಜನ ಇದಾರೆ."

ಆ ಕಾವಲುಗಾರ ಕೆಟ್ಟವನಲ್ಲ, ಅವನು ಹೇಳಿದ್ದು ನಿಜ. ದಾರಿ ಇರಲಿಲ್ಲ. ದಾರಿ ಇಡದವರು ತಾವು. ರೇಡಿಯೋ ನಮ್ಮ ಕಡೆ ತಿರುಗಿ, ಕೈಯಾಡಿಸಿ, "ಮುಖ ತೋರಿಸ್ದೆ ಬಿಡಲ್ವಂತೆ ದೇವ್ರು," ಎಂದು ಹಲ್ಲು ಕಿರಿದಳು. ಹತ್ತಿದವರಿಗೆ ಮಾತ್ರ ಇಳಿಯುವ ಹಕ್ಕಿದೆ ಎಂಬ ಈ ಕಾನೂನನ್ನು ಯಾವ ಶಾಸ್ತ್ರದಿಂದ ತೆಗೆದಿರಿ ಎಂದು ದಯವಿಟ್ಟು ತಿಳಿಸುತ್ತೀರಾ? ಸೆರೆಮನೆಯಲ್ಲೂ ಕಾಯಿಲೆ ಬಿದ್ದವರನ್ನು ಹೊರಗೆ ತರಲು ಒಂದು ಬಾಗಿಲಿರುತ್ತದೆ.

ಅದಾದ ಮೇಲೆ ಇನ್ನೊಂದು ತಿರುವಿನಲ್ಲಿ ಜನರನ್ನು ಗುಂಪುಗುಂಪಾಗಿ ಬಿಡುವ ಅಡ್ಡಗಂಬಿ ಇತ್ತು. ರೇಡಿಯೋ ದಾಟಿದಳು, ಅವಳ ಬೆನ್ನಿಗೇ ಕಂಬಿ ಬಿತ್ತು. ನಾನೂ ಅತ್ತಿಗೆಯೂ ಈಚೆಗೆ ಉಳಿದೆವು. ಅವಳ ಸಾಲು ತಿರುಗಿ ಜಾಲರಿಯ ಆಚೆ ಬದಿಯಲ್ಲಿ ನಮ್ಮ ಎದುರಿಗೇ ಬಂತು. ಅಲ್ಲಿ ಅವಳು ನಿಂತಳು. ನಮ್ಮನ್ನು ಹುಡುಕಿ ನೋಡಿದಳು. ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ, ಹಸ್ತ ಬಿಚ್ಚಿದಳು.

ಇನ್ನು ಮುಂದಿನದನ್ನು ತಾವು ನನ್ನ ವಿರುದ್ಧವೇ ಬಳಸಬಹುದು. ಬಳಸಿಕೊಳ್ಳಿ. ನಾವಿಬ್ಬರೂ ಅವಳ ಕಡೆ ಓಡಲಿಲ್ಲ. ಜಾಲರಿ ಹತ್ತಲಿಲ್ಲ. ಕೂಗಲಿಲ್ಲ. ನಿಂತಲ್ಲೇ ಮರದ ಹಾಗೆ ನಿಂತು ನಮ್ಮ ಕೈಗಳನ್ನೂ ತಲೆಯ ಮೇಲೆ ಎತ್ತಿದೆವು. ಬುದ್ಧಿ ಯೋಚಿಸುವ ಮೊದಲೇ ಮೈ ಮಾಡಿಬಿಟ್ಟಿತು. ಗಿರಣಿಯಲ್ಲಿ ಇಷ್ಟು ವರ್ಷ ಹಾಗೇ ಬದುಕಿದ್ದೇವೆ, ಹಾಗೇ ಬದುಕಿಸಿದ್ದೇವೆ. ಕೈ ಎತ್ತಿ, ಈಗ ಎಲ್ಲ ನಿಲ್ಲುತ್ತದೆ, ಈಗ ಯಾರೋ ಬರುತ್ತಾರೆ ಎಂದು ಕಾದೆವು. ಏನೂ ನಿಲ್ಲಲಿಲ್ಲ. ಬದಲಿಗೆ ನಮ್ಮ ಸುತ್ತಲಿನವರು, ಮೂರು ಜನ ಕೈಯೆತ್ತಿದ್ದು ಕಂಡು, ಶಿಖರವೋ ದೀಪವೋ ಏನೋ ಕಾಣಿಸಿತೆಂದುಕೊಂಡು ತಾವೂ ಕೈಯೆತ್ತಿ ದೇವರ ಹೆಸರು ಕೂಗಿದರು. ಆ ಕೂಗು ಸಾಲಿನಿಂದ ಸಾಲಿಗೆ ಹೋಯಿತು. ಚಪ್ಪರದ ತುಂಬ ಕೈಗಳೇ ಕೈಗಳು. ಆ ಕೈಗಳ ನಡುವೆ ನನ್ನ ಗೆಳತಿಯ ಕೈ ಕೆಳಗಿಳಿದದ್ದು ನನಗೆ ಕಂಡಿತು.

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಹೇಳಲಾರೆ. ಹೆಚ್ಚು ಹೊತ್ತಲ್ಲ ಎಂದು ಅತ್ತಿಗೆ ಹೇಳುತ್ತಾಳೆ. ನನಗೆ ಆ ಹೊತ್ತು ಇನ್ನೂ ಮುಗಿದಿಲ್ಲ.

ಆಮೇಲೆ ಅತ್ತಿಗೆ ಜಾಲರಿಗೆ ಕಾಲು ಕೊಟ್ಟಳು. ತಮ್ಮವನೊಬ್ಬ ಸೀಟಿ ಊದುತ್ತ ಬಂದು ಅವಳನ್ನು ಎಳೆದು ಇಳಿಸಿದ. "ಅಲ್ಲಿ ಒಬ್ಳು ಬಿದ್ದಿದಾಳೆ ಕಣಯ್ಯಾ!" ಎಂದು ಕಿರುಚಿದಳು. "ಮುಂದಿನವ್ರಿಗೆ ಹೇಳಿ," ಎಂದ. ಮುಂದಿನವನು ಅವನ ಮುಂದಿನವನ ಕಡೆ ಕೈ ತೋರಿಸಿದ. ನಾನು ಜಾಲರಿಗೆ ಒತ್ತಿಕೊಂಡು ಬಗ್ಗಿದೆ. ರೇಡಿಯೋ ಆಚೆ ಬದಿಯಲ್ಲಿ ಜಾಲರಿಗೇ ಒರಗಿ ಕುಸಿದಿದ್ದಳು. ಕಿಂಡಿಯಲ್ಲಿ ಬೆರಳು ತೂರಿಸಿದೆ, ಅವಳ ಬೆರಳು ಸಿಕ್ಕಿತು. ತಣ್ಣಗಿತ್ತು. ನೂಲು ಎಳೆದೆಳೆದು ಗಟ್ಟಿಯಾದ ತುದಿಬೆರಳು, ನನ್ನದೂ ಹಾಗೇ ಇದೆ. ಅವಳು ನನ್ನ ಮುಖ ನೋಡಿ ತುಟಿ ಅಲ್ಲಾಡಿಸಿದಳು. ಅಷ್ಟರಲ್ಲಿ ಕಂಬಿ ಎದ್ದಿತು, ಹಿಂದಿನವರು ಒತ್ತಿದರು, ಬೆರಳು ಬಿಟ್ಟುಹೋಯಿತು. ಕೈಗೆಟುಕುವಷ್ಟು ಹತ್ತಿರವಿದ್ದವಳನ್ನು ತಲುಪಲು ನಾನು ಆ ಮಡಿಕೆಯನ್ನು ಪೂರ್ತಿ ಸುತ್ತಬೇಕಾಯಿತು, ಸಾಲಿನಲ್ಲಿ, ಶಿಸ್ತಿನಿಂದ, "ನಿಲ್ಲಬೇಡಿ, ಮುಂದೆ ಸಾಗಿ" ಎಂಬ ದನಿ ಕೇಳುತ್ತ. ನಾನು ಅವಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಾಗ ಅವಳು ನನ್ನನ್ನು ಗುರುತಿಸಲಿಲ್ಲ. ಜನ ನಮ್ಮನ್ನು ಬಳಸಿಕೊಂಡು, ದಾಟಿಕೊಂಡು ಹೋದರು. ಅವರನ್ನು ಬೈಯಲಾರೆ, ಅವರಿಗೂ ನಿಲ್ಲಲು ಜಾಗವಿರಲಿಲ್ಲ.

ಅವಳನ್ನು ಹೊರಗೆ ತಂದ ದಾರಿಯೂ ಅದೇ. ನಾಲ್ಕು ಜನ ಎತ್ತಿಕೊಂಡು, ಉಳಿದ ಮಡಿಕೆಗಳನ್ನೆಲ್ಲ ಸುತ್ತಿ, ಗರ್ಭಗುಡಿಯ ಮುಂದಿನಿಂದ ಹಾದು ಆ ಒಂದೇ ಬಾಗಿಲಿಗೆ ಬಂದರು. ಹಾಗಾಗಿ ಅವಳಿಗೆ ದರ್ಶನವೂ ಆಯಿತು. ತಮ್ಮ ನಿಯಮ ಮುರಿಯಲಿಲ್ಲ.

ಹದಿನೈದು ದಿನ ಕಳೆದ ಮೇಲೆ ತಮ್ಮ ಕಚೇರಿಗೆ ನಾನೂ ಅವಳ ಮಗಳೂ ಹೋದೆವು. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ಫ್ಯಾನಿನಡಿಯಲ್ಲಿ ಕುರ್ಚಿ ಕೊಟ್ಟು, ಕ್ಯಾಮೆರಾದ ಚಿತ್ರ ತೋರಿಸಿದರು. ಮೇಲಿನಿಂದ ತೆಗೆದ ಚಿತ್ರ, ಸದ್ದಿಲ್ಲ. ಸದ್ದಿಲ್ಲದ ಆ ಬೆಟ್ಟವನ್ನು ನಾನು ಕಂಡದ್ದು ಅಲ್ಲಿಯೇ. ಕಂಬಿ ಬೀಳುತ್ತದೆ, ಅವಳು ನಿಲ್ಲುತ್ತಾಳೆ, ಕೈ ಎತ್ತುತ್ತಾಳೆ.

"ನೋಡಿ," ಎಂದರು ಗುಮಾಸ್ತರು, ಬಹಳ ಮೆದುವಾಗಿ. "ಕೈಯೆತ್ತಿ ನಮಸ್ಕಾರ ಮಾಡ್ತಿದಾರೆ. ಯಾರನ್ನೂ ಕರೀತಿಲ್ಲ. ದೇವರ ಧ್ಯಾನದಲ್ಲೇ ಹೋಗಿದಾರೆ. ಪುಣ್ಯವಂತೆ ಕಣಮ್ಮ ನಿಮ್ಮ ತಾಯಿ."

ಅವರು ಸಮಾಧಾನಕ್ಕೆಂದು ಹೇಳಿದ ಮಾತು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಆ ಹುಡುಗಿ ನಮಸ್ಕಾರ ಹೇಳಿ ಎದ್ದು ಬಂದಳು. ಮನೆಯ ಬಾಗಿಲಿನಲ್ಲಿ ಚಪ್ಪಲಿ ಬಿಡುತ್ತ ಒಂದೇ ಮಾತು ಹೇಳಿದಳು: "ಮನೇಲೂ ಹೀಗೇ ದೊಡ್ಡಮ್ಮ. ಊರಿಗೆಲ್ಲ ಬಾಯಿ, ತನಗೆ ನೋವು ಅಂದ್ರೆ ಮಾತ್ರ ಬಾಯಿ ಬಿಡ್ತಿರ್ಲಿಲ್ಲ. ಅಷ್ಟು ಜನ ಇದ್ರಲ್ಲ, ಒಬ್ರನ್ನ ಕರೀಬಾರ್ದಿತ್ತಾ? ಅವಳ ಮೊಂಡುತನಾನೇ ಅವಳನ್ನ ತಿಂತು." ಅದಾದ ಮೇಲೆ ತಮ್ಮ ಮೊಹರಿನ ಉತ್ತರ ಬಂತು, ಅವಳ ಸಂಶಯಕ್ಕೆ ಸರ್ಕಾರಿ ಮುದ್ರೆ ಬಿತ್ತು. ಅಮ್ಮನ ಫೋಟೋವನ್ನು ಗೋಡೆಯಿಂದ ತೆಗೆದು ಬೀರುವಿನಲ್ಲಿಟ್ಟಿದ್ದಾಳೆ. ನೋಡಿದರೆ ಸಿಟ್ಟು ಬರುತ್ತದಂತೆ.

ತಾವು ಹೇಳಬಹುದು: ಎದೆನೋವು ಎಲ್ಲಿ ಬೇಕಾದರೂ ಬರುತ್ತದೆ, ಅದಕ್ಕೆ ಜಾಲರಿ ಏನು ಮಾಡೀತು? ಒಪ್ಪಿದೆ. ಬಾಗಿಲಿದ್ದಿದ್ದರೆ ಅವಳು ಬದುಕುತ್ತಿದ್ದಳು ಎಂದು ನಾನು ಆಣೆ ಇಡಲಾರೆ. ವೈದ್ಯರನ್ನು ಕೇಳಿದೆ, ಅವರೂ ಹೇಳಲಾರೆ ಎಂದರು. ಜನಸಂದಣಿ ಹೆಚ್ಚಿತು, ನೂಕುನುಗ್ಗಲು ತಪ್ಪಿಸಲು ವ್ಯವಸ್ಥೆ ಬೇಕು ಎನ್ನಬಹುದು. ಅದೂ ಒಪ್ಪಿದೆ. ನಾನು ಯಂತ್ರಗಳ ನಡುವೆ ಬಾಳು ಸವೆಸಿದವಳು, ವ್ಯವಸ್ಥೆ ಬೇಡ ಎನ್ನುವಷ್ಟು ದಡ್ಡಿಯಲ್ಲ. ಆದರೆ ಯಂತ್ರ ಕೂರಿಸುವವರು ಅದನ್ನು ನಡೆಸುವ ಗುಂಡಿಯ ಜೊತೆಗೆ ನಿಲ್ಲಿಸುವ ಗುಂಡಿಯನ್ನೂ ಇಡುತ್ತಾರೆ. ಲಾಭಕ್ಕೆಂದೇ ನಡೆಯುವ ನಮ್ಮ ಗಿರಣಿಯಲ್ಲಿ, ಒಬ್ಬ ಕೂಲಿಯವಳು ಕೈ ಎತ್ತಿದರೆ ಮಗ್ಗಗಳೆಲ್ಲ ನಿಲ್ಲುತ್ತವೆ. ಕರುಣಾಮಯಿ ಎಂದು ಹಗಲಿಡೀ ಮೈಕಿನಲ್ಲಿ ಹಾಡಿಸಿಕೊಳ್ಳುವ ದೇವರ ಬಾಗಿಲಲ್ಲಿ ಆ ಒಂದು ಗುಂಡಿಗೆ ಜಾಗವಿರಲಿಲ್ಲವೇ? ಅಷ್ಟು ಕಬ್ಬಿಣ ತಂದಿರಿ, ಅದರಲ್ಲಿ ಎರಡು ಕೀಲು, ಒಂದು ಚಿಲಕಕ್ಕೆ ಬರ ಬಂದಿತ್ತೇ? ಒಬ್ಬ ಕಾವಲುಗಾರನಿಗಾದರೂ "ನಿಲ್ಲಿಸು" ಎನ್ನುವ ಅಧಿಕಾರ ಕೊಟ್ಟಿದ್ದಿರಾ? ಎಲ್ಲರಿಗೂ "ಮುಂದೆ" ಎನ್ನುವುದನ್ನು ಮಾತ್ರ ಕಲಿಸಿ ನಿಲ್ಲಿಸಿದ್ದೀರಿ. ನಾವು ಕೈ ಎತ್ತಿ ಕಾದದ್ದು ದಡ್ಡತನ ಎಂದು ಈಗ ಅನಿಸುತ್ತದೆ. ಆದರೆ ಅಷ್ಟು ದೊಡ್ಡ ವ್ಯವಸ್ಥೆಗೆ ಒಬ್ಬ ಮೇಸ್ತ್ರಿಯೇ ಇಲ್ಲವೆಂದು ನಮಗೆ ಹೇಗೆ ಗೊತ್ತಾಗಬೇಕಿತ್ತು?

ನಾವು ನಿಂತಲ್ಲೇ ನಿಂತದ್ದನ್ನೂ ಹೇಳಬೇಕಾಗುತ್ತದೆಂಬ ಅಳುಕಿಗೆ ಆ ಹುಡುಗಿಗೆ ಸನ್ನೆಯ ಅರ್ಥ ಹೇಳದೆ ಇಷ್ಟು ದಿನ ತಳ್ಳಿದ್ದೆ. ಕಳೆದ ವಾರ ಅವಳ ಮನೆಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತು, ಎರಡೂ ಕೈ ತಲೆಯ ಮೇಲೆ ಎತ್ತಿ ತೋರಿಸಿ, ಇದರ ಅರ್ಥವೇನೆಂದು ಹೇಳಿದೆ. ನಾವಿಬ್ಬರೂ ಮರದ ಹಾಗೆ ನಿಂತದ್ದನ್ನೂ ಹೇಳಿದೆ. ಅವಳು ನನ್ನ ಕೈಗಳನ್ನೇ ನೋಡಿದಳು. "ದೊಡ್ಡಮ್ಮ, ಆಮೇಲೆ ಅಮ್ಮ ಏನಾದ್ರೂ ಅಂದ್ಲಾ?" ಎಂದು ಕೇಳಿದಳು.

ಅಂದಳು. ಭಜನೆಯ ಸದ್ದಿನಲ್ಲಿ ದನಿ ಕೇಳಿಸಲಿಲ್ಲ, ಆದರೆ ಅವಳ ತುಟಿ ಓದುವುದು ನನಗೆ ಹೊಸದಲ್ಲ. ನನ್ನ ಮುಖದಲ್ಲಿದ್ದ ಗಾಬರಿ ನೋಡಿ ನನಗೇ ಸಮಾಧಾನ ಹೇಳಿದಳು: "ಇರೇ, ಮೇಸ್ತ್ರಿ ಬರ್ತಾನೆ."

ಮಾನ್ಯರೇ, ಅವಳು ಮೊಂಡಿಯಾಗಿ ಸಾಯಲಿಲ್ಲ, ಧ್ಯಾನದಲ್ಲೂ ಸಾಯಲಿಲ್ಲ. ಕೇಳಬೇಕಾದ ಸಹಾಯವನ್ನು ಸರಿಯಾಗಿಯೇ ಕೇಳಿ, ಅದು ಬಂದೇ ಬರುತ್ತದೆಂದು ನಂಬಿ ಕಾಯುತ್ತ ಸತ್ತಳು. ಆ ಕಡೆಯಿಂದ ಬರಬೇಕಾಗಿದ್ದವರು ತಾವು.

ನನ್ನ ಬೇಡಿಕೆ ಪರಿಹಾರವಲ್ಲ, ಅದನ್ನು ಆ ಹುಡುಗಿಯೂ ಕೇಳಿಲ್ಲ. ಜಾಲರಿಯ ಪ್ರತಿ ಮಡಿಕೆಗೂ ಒಳಗಿನಿಂದಲೇ ತೆರೆಯುವ ಬಾಗಿಲಿಡಿಸಿ. ಪ್ರತಿ ತಿರುವಿನಲ್ಲೂ ಸಾಲನ್ನೂ ಮೈಕನ್ನೂ ನಿಲ್ಲಿಸಬಲ್ಲ ಒಬ್ಬರನ್ನು ನಿಲ್ಲಿಸಿ. ಅದಕ್ಕೂ ಮೊದಲು, ಅದೇ ದಪ್ಪ ಕಾಗದದಲ್ಲಿ, ಅದೇ ದುಂಡು ಮೊಹರು ಒತ್ತಿ ಅವಳ ಮಗಳಿಗೆ ಹೀಗೆ ಬರೆದು ಕಳಿಸಿ: "ತಮ್ಮ ತಾಯಿಯವರು ಸಹಾಯ ಕೇಳಿದ್ದರು. ನಾವು ಬರಲಿಲ್ಲ." ಇಷ್ಟು ಬಂದರೆ ಅವಳು ಫೋಟೋವನ್ನು ಮತ್ತೆ ಗೋಡೆಗೆ ಹಾಕುತ್ತಾಳೆ. ಮೊಳೆ ಇನ್ನೂ ಅಲ್ಲೇ ಇದೆ.

ಇಂತಿ,
ಎತ್ತಿದ ಕೈ ಇನ್ನೂ ಇಳಿಸಿರದ,
ಪಕ್ಕದ ಮಗ್ಗದ ಅರ್ಜಿಯಕ್ಕ